ಪಥ್ಯ ಹೇಳುವವರ ಬಾಗಿಲಲ್ಲಿ ಒಂದು ಮೊರ

ಹೋದ ತಿಂಗಳು ಬಂಗಾರಪೇಟೆಯಿಂದ ಕೆ.ಜಿ.ಎಫ್. ಕಡೆ ಹೊರಟ ಬೆಳಗಿನ ರೈಲಿನಲ್ಲಿ ನನ್ನ ತಮ್ಮ ನಾರಾಯಣಪ್ಪ ಕೂತಲ್ಲೇ ಕುಸಿದ.

ಕುಸಿಯುವ ಮುಂಚೆ ಹೆಂಡತಿಯ ಮೇಲೆ ರೇಗಿದ. ಗೌರಮ್ಮನ ಮೇಲೆ ಅವನು ದನಿಯೆತ್ತಿದ್ದನ್ನು ನಾನು ಕಂಡವಳೇ ಅಲ್ಲ. ಆಮೇಲೆ ಅಂಗಿ ಒದ್ದೆಯಾಗುವಷ್ಟು ಬೆವರಿದ. ಕೈ ನಡುಗಿತು. ನಾಲಿಗೆ ತೊದಲಿತು. ಕೋರಮಂಡಲ್ ಸ್ಟೇಷನ್ ಇನ್ನೂ ಬಂದಿರಲಿಲ್ಲ, ಪಕ್ಕದವರ ಹೆಗಲಿಗೆ ವಾಲಿಬಿಟ್ಟ.

"ಬೆಳ್‌ಬೆಳಿಗ್ಗೇನೇ ಏರಿಸ್ಕೊಂಡ್ ಬಂದವ್ನೆ ನೋಡಪ್ಪ" ಎಂದಿತು ಒಂದು ದನಿ.

ನನ್ನ ತಮ್ಮ ಹೆಂಡದಂಗಡಿಯ ಮೆಟ್ಟಿಲು ಹತ್ತಿದವನಲ್ಲ. (ಮದುವೆ ಮನೆಯಲ್ಲಿ ಸೋಡಾ ಕೊಟ್ಟರೂ ಮುಖ ಕಿವುಚುತ್ತಾನೆ.) ಅದನ್ನು ಗಟ್ಟಿಯಾಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ನಾಲ್ಕು ಜನ ಇರುವ ಕಡೆ ನನಗೆ ಬಾಯೇ ಬರುವುದಿಲ್ಲ. ಕಾಗದದ ಮುಂದೆ ಕೂರಿಸಿದರೆ ಮಾತ್ರ ನಿಲ್ಲುವುದಿಲ್ಲ, ಅದು ವಾರವಾರ ಇದನ್ನು ಓದುವ ನಿಮಗೆಲ್ಲ ಗೊತ್ತಿರುವ ವಿಷಯವೇ.

ಇಷ್ಟು ಹೊತ್ತಿಗೆ ಡಬ್ಬಿಯಲ್ಲಿದ್ದವರೆಲ್ಲ ಡಾಕ್ಟರುಗಳಾಗಿದ್ದರು. ಒಬ್ಬರು ಈರುಳ್ಳಿ ಮೂಸಿಸಿ ಎಂದರು. ಇನ್ನೊಬ್ಬರು ಕೈಗೆ ಬೀಗದ ಕೈ ತುರುಕಿದರು. "ಪಿತ್ತಮು, ಪಿತ್ತಮು" ಎಂದು ಒಬ್ಬ ತೆಲುಗಿನ ಯಜಮಾನರು ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟರು. ನಮ್ಮ ರೈಲಿನಲ್ಲಿ ಮೂರು ಭಾಷೆಯಲ್ಲಿ ಚಿಕಿತ್ಸೆ ನಡೆಯುತ್ತದೆ. ಫೀಸಿಲ್ಲ. ಓದೂ ಬೇಕಿಲ್ಲ.

ಎದುರಿಗೆ ಕೂತಿದ್ದ ತಮಿಳು ಹೆಂಗಸೊಬ್ಬಳು ಯಾವ ತೀರ್ಪನ್ನೂ ಕೊಡದೆ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿದಳು. "ಕುಡುಂಗಮ್ಮಾ, ಸೂಡಾ ಇರುಕ್ಕು" (ಕೊಡಮ್ಮಾ, ಬಿಸಿಯಾಗಿದೆ) ಎಂದು ಗೌರಮ್ಮನ ಕಡೆ ಚಾಚಿದಳು.

ಗೌರಮ್ಮ ಆ ಮುಚ್ಚಳವನ್ನು ಎರಡೂ ಕೈಯಲ್ಲಿ ತಡೆದಳು. "ಬ್ಯಾಡ, ಬ್ಯಾಡ! ಸಕ್ಕರೆ ಆಕವ್ರೆ! ಪಥ್ಯ ಕೆಟ್ಟೋಗ್ತದೆ! ಮೇಡಮ್ಮು ಒಂದು ಕಾಳು ಸಕ್ಕರೇನೂ ನಾಲ್ಗೆಗೆ ತಾಕಿಸ್ಬ್ಯಾಡಿ ಅಂದವ್ರೆ!"

ಗಂಡ ಕಣ್ಣು ಮೇಲೆ ಮಾಡುತ್ತಿದ್ದಾನೆ. ಹೆಂಡತಿ ಪಥ್ಯ ಕಾಯುತ್ತಿದ್ದಾಳೆ.

ಆಗ ನನಗೆ ಎಲ್ಲಿಂದ ಗಂಟಲು ಬಂತೋ ಕಾಣೆ. "ಕುಡೀಲಿ ಬಿಡೇ ಗೌರಿ! ನಡುಗೋನಿಗೆ ಬಿಸಿ ಟೀ ಕೊಡಬಾರದು ಅನ್ನೋದು ಅದ್ಯಾವ ಪಥ್ಯ?" ಎಂದೆ. ಇಡೀ ಡಬ್ಬಿ ನನ್ನನ್ನು ನೋಡಿತು. ನಾನು ಸೆರಗು ಎಳೆದುಕೊಂಡೆ. ಆದರೆ ಟೀ ಅವನ ಬಾಯಿಗೆ ಹೋಯಿತು. ಪಾಯಸದಂಥ ಟೀ. ಇನ್ನೊಂದು ಮುಚ್ಚಳವನ್ನೂ ಕುಡಿದ. ಚಾಂಪಿಯನ್ ಸ್ಟೇಷನ್ ದಾಟುವ ಹೊತ್ತಿಗೆ ಎದ್ದು ಕೂತು, "ನನ್ ಚಪ್ಲಿ ಎಲ್ಲಿ?" ಎಂದು ಕೇಳಿದ.

ಕುಡಿದವನು ಎಂದು ಅಂದವರು ಕಿಟಕಿಯಾಚೆ ಏನನ್ನೋ ಬಹಳ ಗಮನವಿಟ್ಟು ನೋಡುತ್ತಿದ್ದರು.

ಈ ನಾರಾಯಣಪ್ಪನ ಕೆಲಸ ಏನು ಗೊತ್ತೇ? ಮೈಸೂರು ಮೈನ್ಸಿನಲ್ಲಿ, ಶಾಫ್ಟಿನ, ಅಂದರೆ ಗಣಿಯ ಬಾವಿಯ, ಬಾಯಿಯಲ್ಲಿ ನಿಂತು, ಕೆಳಗಿಳಿಯುವವರನ್ನು ಕೇಜು ಎಂಬ ಕಬ್ಬಿಣದ ಪಂಜರಕ್ಕೆ ಹತ್ತಿಸಿ, ಬಾಗಿಲು ಹಾಕಿ, ಇಳಿಸಿ ಎಂದು ಗಂಟೆ ಹೊಡೆಯುವುದು. ಅವತ್ತು ಅವನಿಗೆ ರಜೆ. ರಜೆಯಿಲ್ಲದ ದಿನ, ಆ ನಡುಗುವ ಕೈಯಲ್ಲಿ ಗಂಟೆಯ ಹಗ್ಗ ಇದ್ದಿದ್ದರೆ? ಕೇಜಿನಲ್ಲಿ ನಿಂತವರ ಹೆಂಡತಿಯರೂ ಮನೆಯಲ್ಲಿ ಮುದ್ದೆ ತೊಳಸುತ್ತಿರುತ್ತಾರಲ್ಲವೇ?

ಅದಕ್ಕೇ ಈ ವಾರ ಪಥ್ಯದ ವಿಷಯ. ಪಥ್ಯ ಮಾಡುವವರ ವಿಷಯವಲ್ಲ, ಹೇಳುವವರ ವಿಷಯ.

ಹೀಗೆ ಬರೆಯಲು ಇನ್ನೊಂದು ಕಾರಣವೂ ಇದೆ. ನನ್ನ ಮೊಮ್ಮಗಳು ಸುಮಾ ಆಹಾರದ ಮೇಲೆ ಓದಿಕೊಂಡು ಬಂದಿದ್ದಾಳೆ. ದೇಹ, ಮನಸ್ಸು, ನಿದ್ದೆ, ಊಟ ಎಲ್ಲವನ್ನೂ ಒಟ್ಟಿಗೆ ನೋಡಿ ಸಲಹೆ ಕೊಡುವುದಂತೆ. ಬಂಗಾರಪೇಟೆಯಲ್ಲಿ ಒಂದು ರೂಮು ಹಿಡಿದಿದ್ದಾಳೆ. ಇದನ್ನು ಓದುವ ಉಳಿದ ಮೊಮ್ಮಕ್ಕಳೇ, ನೀವೂ ನಾಳೆ ಏನೇನೋ ಆಗುತ್ತೀರಿ. ಒಂದಲ್ಲ ಒಂದು ದಿನ ಯಾರೋ ಒಬ್ಬರು ನಿಮ್ಮೆದುರು ಕೂತು "ನೀವು ಹೇಳಿದಂಗೆ ಮಾಡ್ತೀನಿ" ಅನ್ನುತ್ತಾರೆ. ಆ ಮಾತು ಕೇಳಿದಾಗ ಖುಷಿಯಾಗುತ್ತದೆ. ನನ್ನ ಕೇಳಿದರೆ, ಭಯ ಆಗಬೇಕು.

ಈಗ ನಾರಾಯಣಪ್ಪನ ಪಥ್ಯದ ಕಥೆಗೆ ಬರುತ್ತೇನೆ.

ಅವನಿಗೆ ಶುಗರ್ ಇದೆ. ಆಸ್ಪತ್ರೆಯ ಡಾಕ್ಟರು ಮಾತ್ರೆ ಕೊಟ್ಟು ವರ್ಷಗಳಾದವು. ನುಂಗುತ್ತಾನೆ. ಈಚೆಗೆ ಕಾಲಿನಲ್ಲಿ ಒಂದು ಗಾಯ ಒಣಗದೆ ಹೆದರಿಕೆ ಹುಟ್ಟಿತು. ಆಂಡರ್ಸನ್‌ಪೇಟೆಯಲ್ಲಿ ಸರಳಾ ಮೇಡಂ ಅಂತ ಇದ್ದಾರೆ, ಊಟದಲ್ಲೇ ಸರಿಮಾಡುತ್ತಾರೆ ಎಂದು ಯಾರೋ ಹೇಳಿದರು. ಹೋದ.

ಸರಳಾ ಮೇಡಂ ಮೊದಲು ಸ್ಕೂಲಿನಲ್ಲಿ ಗೃಹವಿಜ್ಞಾನದ ಟೀಚರ್ ಆಗಿದ್ದವರು. ಆಮೇಲೆ ಪ್ರಕೃತಿ ಚಿಕಿತ್ಸೆ ಕಲಿತರು. ಮನೆಯ ಮುಂದಿನ ರೂಮಿನಲ್ಲಿ ಒಂದು ಮೇಜು, ಹತ್ತಿ ನಿಂತು ತೂಕ ನೋಡುವ ಒಂದು ತಕ್ಕಡಿ, ಗೋಡೆಗೆ ಒಂದು ಉದ್ದನೆ ಬೆಂಚು. ಒಳ್ಳೆಯ ಹೆಂಗಸು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾರಾದರೂ "ಡಾಕ್ಟರಮ್ಮ" ಅಂದರೆ ತಕ್ಷಣ ತಿದ್ದುತ್ತಾರೆ. "ಡಾಕ್ಟರಲ್ಲಪ್ಪ, ಊಟ ಹೇಳೋಳು."

ಅವರು ನಾರಾಯಣಪ್ಪನಿಗೆ ಹೇಳಿದ್ದು ಬಹಳ ಸರಳ. ಅನ್ನ ಕಮ್ಮಿ, ಸಕ್ಕರೆ ಬೆಲ್ಲ ಇಲ್ಲ, ಸೊಪ್ಪು ಜಾಸ್ತಿ, ಹೊತ್ತಿಗೆ ಒಂದು ಮುದ್ದೆ.

ಗೌರಮ್ಮ ಅಕ್ಷರ ತಪ್ಪದೆ ಪಾಲಿಸಿದಳು. ಮೂರು ಮುದ್ದೆಯ ಹಿಟ್ಟನ್ನು ಸೇರಿಸಿ ಒಂದೇ ಮುದ್ದೆ ಕಟ್ಟಿದಳು! ತೆಂಗಿನಕಾಯಿಯಷ್ಟು. ಅವನು ಸಂತೋಷವಾಗಿ ನುಂಗಿದ. ಮುಂದಿನ ಸಾರಿ ಮೇಡಂ ತೂಕ ನೋಡಿ ಕಣ್ಣರಳಿಸಿದರು. "ಮುದ್ದೆ ಎಷ್ಟು ದಪ್ಪ, ಕೈಯಲ್ಲಿ ತೋರಿಸಿ" ಎಂದರು. ಗೌರಮ್ಮ ಎರಡೂ ಕೈ ಅಗಲಿಸಿದಳು. ಬೆಂಚಿನ ಮೇಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. "ಅದು ಮುದ್ದೆ ಅಲ್ಲಮ್ಮ, ಗುಂಡುಕಲ್ಲು" ಎಂದರಂತೆ ಒಬ್ಬರು.

ನಗು ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾರಾಯಣಪ್ಪನಿಗೆ ನಾಚಿಕೆಯಾಯಿತು. ಮೇಡಂ ಮುಷ್ಟಿಯಷ್ಟು ಎಂದರು, ಅವನು ಅದರಲ್ಲಿ ಅರ್ಧ ಮಾಡಿಕೊಂಡ. ರೈಲಿನ ದಿನ ಬೆಳಿಗ್ಗೆ ತೂಕ ನೋಡಿಸಿಕೊಳ್ಳುವುದಿದೆ ಎಂದು ಮಜ್ಜಿಗೆ ಮಾತ್ರ ಕುಡಿದು ಬಂದ. ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ದಿನದ ಹಾಗೆ ನುಂಗಿದ. ಹೊಟ್ಟೆಯಲ್ಲಿ ಊಟವಿಲ್ಲ, ಮಾತ್ರೆ ಇದೆ, ಶುಗರ್ ಪಾತಾಳಕ್ಕೆ ಇಳಿಯಿತು.

ಮಾತ್ರೆಯ ವಿಷಯ ಮೇಡಂಗೆ ಗೊತ್ತಿತ್ತೇ? ಇಲ್ಲ. ಪಥ್ಯದ ವಿಷಯ ಆಸ್ಪತ್ರೆಯ ಡಾಕ್ಟರಿಗೆ ಗೊತ್ತಿತ್ತೇ? ಅದೂ ಇಲ್ಲ.

ಯಾಕೆ ಹೇಳಲಿಲ್ಲ ಎಂದು ಪಟ್ಟಣದವರು ಕೇಳಬಹುದು. ನಮ್ಮ ಕಡೆಯವರು ಕೇಳುವುದಿಲ್ಲ. ನಮ್ಮ ಊರುಗಳಲ್ಲಿ ನಾಟಿ ಮದ್ದು ಕೊಡುವವರು ಮೊದಲು ಹೇಳುವುದೇ ಅದು: ಬಾಯಿ ಬಿಡಬೇಡ, ಬಿಟ್ಟರೆ ಮದ್ದು ಮುರಿಯುತ್ತದೆ. ಮುತ್ತಜ್ಜಿಯ ಕಾಲದಿಂದ ಅದು ರಕ್ತದಲ್ಲಿ ಇಳಿದಿದೆ. ಅದರ ಮೇಲೆ ಮರ್ಯಾದೆ ಬೇರೆ. ಒಬ್ಬರ ಮುಂದೆ ಕೂತು ಇನ್ನೊಬ್ಬರ ಮದ್ದಿನ ಹೆಸರೆತ್ತುವುದೆಂದರೆ, ಬೀಗರ ಮನೆ ಎಲೆಯ ಮುಂದೆ ಕೂತು ಪಕ್ಕದ ಮನೆ ಸಾರನ್ನು ಹೊಗಳಿದ ಹಾಗೆ. ಯಾರಾದರೂ ಮಾಡುತ್ತಾರೆಯೇ? ನಾರಾಯಣಪ್ಪ ಇಬ್ಬರಿಗೂ ಮರ್ಯಾದೆ ಕೊಟ್ಟ. ಆ ಮರ್ಯಾದೆಯೇ ರೈಲಿನಲ್ಲಿ ಅವನನ್ನು ಕೆಡವಿದ್ದು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ರೈಲಿನಲ್ಲಿ ಗೊತ್ತಿದ್ದದ್ದು ಇಷ್ಟೇ: ಗೌರಮ್ಮನ ಎಲೆಅಡಿಕೆ ಚೀಲದಲ್ಲಿ ಶುಗರ್ ಮಾತ್ರೆಯ ಬೆಳ್ಳಿ ಹಾಳೆಯ ಪಟ್ಟಿ ಇದೆ. ತಮ್ಮ ಎದ್ದು ಕೂತ ಮೇಲೆ ನಾನು, "ಸೀದಾ ಆಸ್ಪತ್ರೆಗೆ ಹೋಗೋಣ" ಎಂದೆ.

"ಸುಮ್ಕಿರಕ್ಕ ನೀನೊಬ್ಳು. ಒಸಿ ತಲೆ ತಿರುಗ್ತು ಅಷ್ಟೆ. ಮೇಡಂ ಅತ್ರ ಓಗಿ ತೂಕ ನೋಡಿಸ್ಕೊಂಡು ಬತ್ತೀನಿ."

"ಮಾತ್ರೆ ವಿಷಯ ಹೇಳ್ತೀಯಾ ಅವರಿಗೆ?"

"ಅಯ್ಯೋ, ಅದ್ಯಾಕೆ? ಬೇಜಾರು ಮಾಡ್ಕೊತಾರೆ."

ಆಂಡರ್ಸನ್‌ಪೇಟೆಯ ಆ ರೂಮಿನಲ್ಲಿ ಬೆಂಚು ತುಂಬಿತ್ತು. ನಾನು ಬಾಗಿಲ ಪಕ್ಕ ಗೋಡೆಗೆ ಅಂಟಿಕೊಂಡು ನಿಂತೆ. ನಾರಾಯಣಪ್ಪ ತಕ್ಕಡಿ ಹತ್ತಿದ. ತೂಕ ಇಳಿದಿತ್ತು. ಮೇಡಂ ಮುಖ ಅರಳಿತು. "ಶಭಾಷ್! ಹೇಗಿದೆ ಮೈಯಿ?" ಎಂದರು.

"ಪಸ್ಟ್ ಕ್ಲಾಸಾಗದೆ ಮೇಡಂ" ಎಂದ ನನ್ನ ತಮ್ಮ. ಅರ್ಧ ಗಂಟೆ ಮುಂಚೆ ಕಣ್ಣು ಮೇಲೆ ಮಾಡಿದ್ದವನು!

ನನಗೆ ಮಾತು ಬರಲಿಲ್ಲ. ಕೈ ಬಂತು. ಗೌರಮ್ಮನ ಸೊಂಟದ ಎಲೆಅಡಿಕೆ ಚೀಲ ಎಳೆದು, ಮಾತ್ರೆಯ ಪಟ್ಟಿ ತೆಗೆದು ಮೇಡಂ ಮೇಜಿನ ಮೇಲಿಟ್ಟೆ. ಇಟ್ಟು ಮತ್ತೆ ಗೋಡೆಗೆ ಹೋಗಿ ನಿಂತೆ.

ಮೇಡಂ ಪಟ್ಟಿಯನ್ನು ಎತ್ತಿ ಮಾತ್ರೆಯ ಹೆಸರು ಓದಿದರು. ಮುಖದ ನಗು ಹೋಯಿತು. "ಇದನ್ನ ಯಾರು ನುಂಗ್ತಿರೋದು?"

ನಾರಾಯಣಪ್ಪ ತಕ್ಕಡಿಯಿಂದ ಇಳಿದ.

"ಇವತ್ತು ಬೆಳಿಗ್ಗೆ ರೈಲ್ನಾಗೆ ಬಿದ್ದೋಗ್ಬುಟ್ರು ಮೇಡಂ" ಎಂದು ಗೌರಮ್ಮ ಅಳುವುದಕ್ಕೆ ಶುರುಮಾಡಿದಳು. ಬೆವರಿದ್ದು, ತೊದಲಿದ್ದು, ಟೀ ಕುಡಿದದ್ದು ಎಲ್ಲವನ್ನೂ ಒಪ್ಪಿಸಿದಳು. ಕೊನೆಗೆ, "ಪಥ್ಯ ಕೆಡಿಸ್ಬುಟ್ವಿ, ತಪ್ಪಾಯ್ತು" ಎಂದು ಕೈ ಮುಗಿದಳು. ಜೀವ ಉಳಿಸಿದ ಟೀಗೆ ಕ್ಷಮಾಪಣೆ!

"ಟೀ ಕುಡಿಸದೆ ಇದ್ದಿದ್ರೆ ಇಲ್ಲಿಗೆ ನಡ್ಕೊಂಡು ಬರ್ತಿರಲಿಲ್ಲ ಕಣಮ್ಮ" ಎಂದರು ಮೇಡಂ. "ನಾರಾಯಣಪ್ಪ, ನನಗ್ಯಾಕೆ ಹೇಳಲಿಲ್ಲ?"

"ನೀವು ಕೇಳ್ನಿಲ್ವಲ್ಲ ಮೇಡಂ."

ಮೇಡಂ ಪಟ್ಟಿಯನ್ನು ತಿರುಗಿಸಿ ಇನ್ನೊಮ್ಮೆ ನೋಡಿದರು. ಆಮೇಲೆ ಬೆಂಚು ಬಾಯಿ ಬಿಟ್ಟಿತು.

"ಅಂಗಾದ್ರೆ ಶುಗರು ಬಿದ್ದೋಗೋ ಅಷ್ಟು ಪವರ್ ಐತೆ ಅನ್ನಿ, ಮೇಡಂ ಪಥ್ಯಕ್ಕೆ!" ಎಂದರು ಒಬ್ಬರು ಮೀಸೆಯ ಮನುಷ್ಯ.

"ಮಾತ್ರೆ ಎಸ್ದು ಬಿಡಯ್ಯಾ ಆಚ್ಗೆ" ಎಂದರು ಅವರ ಪಕ್ಕದವರು. "ಮೇಡಂ ಕೈಗುಣ ಅಂದ್ರೆ ಇದು."

ನಾರಾಯಣಪ್ಪನ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು. "ಹೌದಾ ಮೇಡಂ? ಬಿಟ್ಬಿಡ್ಲಾ ಮಾತ್ರೇನ?"

ನೋಡಿ, ಆ ಗಳಿಗೆಯನ್ನು ಯೋಚಿಸಿ. ಒಂದು "ಹೂಂ" ಸಾಕಿತ್ತು. ಊರೆಲ್ಲ ಸುದ್ದಿಯಾಗುತ್ತಿತ್ತು. ಸರಳಾ ಮೇಡಂ ಶುಗರ್ ವಾಸಿ ಮಾಡಿದರಂತೆ, ಮಾತ್ರೆ ಬಿಡಿಸಿದರಂತೆ. ಮರುದಿನ ಬೆಂಚು ಸಾಲದೆ ಜನ ರಸ್ತೆಗೆ ನಿಲ್ಲುತ್ತಿದ್ದರು. ರೋಗಿ ಕೇಳುತ್ತಿದ್ದಾನೆ, ಬೆಂಚು ಕೇಳುತ್ತಿದೆ, ತಕ್ಕಡಿ ಕೂಡ ಅವರ ಕಡೆಗೇ ಇದೆ. ಎಷ್ಟು ಜನ "ಹೂಂ" ಅನ್ನದೆ ಇರುತ್ತಾರೆ?

ನನ್ನ ತಮ್ಮನನ್ನು ನಾನು ಬಲ್ಲೆ. ಮೇಡಂ ಹೂಂ ಅಂದರೆ ಪಟ್ಟಿಯನ್ನು ಆ ಬಾಗಿಲಲ್ಲೇ ಚರಂಡಿಗೆ ಹಾಕುತ್ತಿದ್ದ. ಆಮೇಲೆ ಒಣಗದ ಆ ಕಾಲಿನ ಗಾಯ?

ಮೇಡಂ ಪಟ್ಟಿಯನ್ನು ಗೌರಮ್ಮನ ಕೈಗೇ ಕೊಟ್ಟರು. "ಇದನ್ನ ಬಿಡು ಅನ್ನೋಕೂ ಅರ್ಧ ಮಾಡು ಅನ್ನೋಕೂ ನನಗೆ ಅಧಿಕಾರ ಇಲ್ಲ. ಮೊದಲೇ ಕೇಳಬೇಕಾಗಿತ್ತು. ಕೇಳದೆ ಊಟ ಇಳಿಸಿದೆ. ತಪ್ಪು ನಂದು. ಏಳಿ, ಡಾಕ್ಟ್ರ ಹತ್ರ ಹೋಗೋಣ, ನಾನೂ ಬರ್ತೀನಿ."

"ಎನ್ನಮ್ಮಾ ಇದು!" ಎಂದು ಬೆಂಚಿನ ಕೊನೆಯಲ್ಲಿದ್ದ ತಮಿಳಿನ ಅಜ್ಜಿ ಗದ್ದಕ್ಕೆ ಕೈ ಹಚ್ಚಿತು. "ಮೇಡಮ್ಮೇ ತಪ್ಪು ಅಂತ ಸೊಲ್ಲಿಟ್ಟಾ, ಏಳ್ಬಿಟ್ರೆ, ನಾವು ಯಾರ್ ಹತ್ರ ಓಗೋದು?"

"ತಪ್ಪು ಅಂತ ಹೇಳೋರ ಹತ್ರಾನೇ ಹೋಗಿ ಪಾಟಿ" ಎಂದರು ಮೇಡಂ ಚಪ್ಪಲಿ ಮೆಟ್ಟುತ್ತ.

ಮೀಸೆಯ ಮನುಷ್ಯನಿಗೆ ಇದೇನೂ ಹಿಡಿಸಲಿಲ್ಲ. "ಒಬ್ಬರಿಗೋಸ್ಕರ ಎಲ್ರುನೂ ಕಾಯಿಸ್ತಾರೆ" ಎಂದು ಗೊಣಗಿ ಎದ್ದು ಹೋದರು. ಅವರು ಮತ್ತೆ ಬರಲಿಲ್ಲವಂತೆ.

ಆಸ್ಪತ್ರೆಯಲ್ಲಿ ಮೇಡಂ ನಮ್ಮ ಜೊತೆಯೇ ಚೀಟಿ ಮಾಡಿಸಿ, ಕ್ಯೂನಲ್ಲಿ ಕೂತರು. ಒಳಗೆ ಹೋದಾಗ ಡಾಕ್ಟರು ನಾರಾಯಣಪ್ಪನ ರಕ್ತ ಪರೀಕ್ಷೆಗೆ ಬರೆದು, ಕನ್ನಡಕದ ಮೇಲಿಂದ ಮೇಡಂ ಕಡೆ ನೋಡಿದರು.

"ನೀವು ಯಾರು?"

"ಇವರಿಗೆ ಊಟ ಹೇಳೋಳು ಸಾರ್. ಮಾತ್ರೆ ತಗೋತಾರಾ ಅಂತ ಕೇಳದೆ ಊಟ ಕಮ್ಮಿ ಮಾಡಿಸಿದೆ. ಇವತ್ತು ರೈಲಲ್ಲಿ ಬಿದ್ದಿದ್ದಾರೆ."

ಡಾಕ್ಟರು ಬೈಯುವುದಕ್ಕೆಂದು ತುಂಬಿಕೊಂಡಿದ್ದ ಉಸಿರು ಹಾಗೇ ಹೊರಗೆ ಹೋಯಿತು. ತಾನಾಗಿ ಒಪ್ಪಿಕೊಂಡವರನ್ನು ಬೈಯುವುದು ಬಹಳ ಕಷ್ಟ. (ಮಕ್ಕಳೇ, ಇದನ್ನು ನಿಮ್ಮ ಅಮ್ಮಂದಿರ ಹತ್ತಿರ ಪರೀಕ್ಷೆ ಮಾಡಿ ನೋಡಬಹುದು.) ಪೆನ್ನು ಕೆಳಗಿಟ್ಟು ನಾರಾಯಣಪ್ಪನ ಕಡೆ ತಿರುಗಿದರು.

"ಪಥ್ಯ ಮಾಡ್ತೀನಿ ಅಂತ ನನಗಾದ್ರೂ ಹೇಳಬೇಕಲ್ವೇನಯ್ಯಾ?"

"ನೀವೂ ಕೇಳ್ನಿಲ್ಲ ಸಾರ್."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ನಿಜ ಕಣಯ್ಯಾ. ಮಾತ್ರೆ ನುಂಗಿದ್ಯಾ ಅಂತ ಕೇಳ್ತೀನಿ. ಅನ್ನ ಉಂಡ್ಯಾ ಅಂತ ಕೇಳಲ್ಲ" ಎಂದರು. ಆಮೇಲೆ ಇಬ್ಬರೂ ಕೂತು ಮಾತಾಡಿದರು. ನಾರಾಯಣಪ್ಪ ಏನು ತಿನ್ನುತ್ತಾನೆ, ಯಾವ ಶಿಫ್ಟಿಗೆ ಹೋಗುತ್ತಾನೆ, ಎಷ್ಟು ಹೊತ್ತು ನಿಂತಿರುತ್ತಾನೆ. ಡಾಕ್ಟರು ಮಾತ್ರೆ ಬದಲಾಯಿಸಿದರು. ಅದನ್ನು ಬದಲಾಯಿಸಬೇಕಾದವರು ಅವರೇ. ಮೇಡಂ ಊಟದ ಹೊತ್ತು ಬದಲಾಯಿಸಿದರು. ಅದು ಅವರ ಕೆಲಸ. ಮೈ ಪೂರಾ ಹತೋಟಿಗೆ ಬರುವ ತನಕ ಶಾಫ್ಟಿನ ಬಾಯಿಗೆ ಹೋಗಕೂಡದು, ಬೇರೆ ಕೆಲಸ ಕೇಳಿಕೊ ಎಂದು ಡಾಕ್ಟರು ಚೀಟಿ ಬರೆದರು. ನಾರಾಯಣಪ್ಪನಿಗೆ ಬೇಸರವೇ. ಗಂಟೆ ಹೊಡೆಯುವುದು ಅವನಿಗೆ ದೊಡ್ಡ ಹೆಮ್ಮೆ. ಈಗ ಸ್ಟೋರಿನಲ್ಲಿ ಕೂತಿದ್ದಾನೆ. ಕಾಲಿನ ಗಾಯ ಒಣಗುತ್ತಾ ಬಂದಿದೆ.

ಮೊಮ್ಮಕ್ಕಳೇ, ನಿಮ್ಮ ತಾತ ಇದ್ದಿದ್ದರೆ ಈ ಸಂಗತಿ ಕೇಳಿ ಏನನ್ನುತ್ತಿದ್ದರೋ. ಅವರಿಗೂ ಗಣಿಯ ಕೆಲಸವೇ, ಕೊನೆಗೆ ಎದೆಯ ಕಾಯಿಲೆ. ಆ ವರ್ಷ ನಮ್ಮ ಮನೆಗೆ ಪಥ್ಯ ಹೇಳುವವರು ಬರದ ವಾರವಿಲ್ಲ. ಒಬ್ಬರು ಮೊಸರು ಬೇಡ ಎಂದರು. ಇನ್ನೊಬ್ಬರು ರಾಗಿ ಬೇಡ ಎಂದರು. ಮೂರನೆಯವರು ಉಪ್ಪೇ ಬೇಡ ಎಂದರು. ಎಲ್ಲರೂ ಒಂದು ಮಾತನ್ನು ಮಾತ್ರ ಒಟ್ಟಿಗೆ ಹೇಳಿದರು, "ಗ್ಯಾರಂಟಿ ವಾಸಿಯಾಗುತ್ತೆ." ನಿಮ್ಮ ತಾತನಿಗೆ ಹಿದುಕಿದವರೆ ಸಾರು ಎಂದರೆ ಪ್ರಾಣ. ಅದು ವಾಯು, ಮುಟ್ಟಬೇಡಿ ಎಂದು ಯಾರೋ ಹೇಳಿಹೋಗಿದ್ದರು. ಅವರೆಕಾಯಿ ಕಾಲ ಬಂತು, ಹೋಯಿತು. ಅವರೂ ಹೋದರು. "ನಿಮಗೇನು ತಿನ್ನಬೇಕು ಅನ್ನಿಸುತ್ತೆ?" ಎಂದು ಬಂದವರಲ್ಲಿ ಒಬ್ಬರೂ ಕೇಳಿರಲಿಲ್ಲ.

ಅದಕ್ಕೇ ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದು. ಹಳ್ಳಿ ಸ್ಕೂಲಿನ ಓದು ನನ್ನದು. ಯಾವ ಸೊಪ್ಪಿನಲ್ಲಿ ಯಾವ ಸತ್ವ ಇದೆ ಎಂದು ನನ್ನ ಕೇಳಬೇಡಿ, ಸುಮಾನ್ನ ಕೇಳಿ. ಆದರೆ ಹೇಳಿಸಿಕೊಳ್ಳುವ ಕಡೆ ಕೂತವರ ಪಾಡು ಏನು ಎಂದು ನನಗೆ ಗೊತ್ತು. ಊಟ ಹೇಳುವುದು ಚಿಕ್ಕ ಕೆಲಸವಲ್ಲ. ಮಾತ್ರೆ ಒಂದು ಗುಟುಕು ನೀರಿನಲ್ಲಿ ಮುಗಿಯುತ್ತದೆ. ಊಟ ಹೇಳುವವರು ಮನೆಯ ಒಲೆಯ ತನಕ ಬರುತ್ತಾರೆ. ಒಲೆಯ ಮುಂದೆ ನಿಂತವಳು ಅವರ ಮಾತನ್ನು ದೇವರ ಮಾತಿನ ಹಾಗೆ ಪಾಲಿಸುತ್ತಾಳೆ. ಗಂಡ ಕಣ್ಣು ಮೇಲೆ ಮಾಡಿದರೂ ಟೀ ತಡೆಯುತ್ತಾಳೆ. ಅಷ್ಟು ನಂಬುವವರಿಗೆ "ನನಗೆ ಇದು ಗೊತ್ತಿಲ್ಲ" ಎಂದು ಹೇಳುವ ಗಟ್ಟಿತನ ಬೇಡವೇ?

ಇನ್ನು ಕೆಲವರು ಪಥ್ಯ ಹೇಳುವ ಮೇಜಿನ ಮೇಲೆಯೇ ಪುಡಿಯ ಡಬ್ಬಿ ಜೋಡಿಸಿಕೊಂಡಿರುತ್ತಾರೆ. ಬಂದವರ ಕಾಯಿಲೆ ಏನೇ ಇರಲಿ, ಔಷಧಿ ಆ ಡಬ್ಬಿಯಲ್ಲೇ ಇರುತ್ತದೆ. ಇದು ಎಂಥ ಸೋಜಿಗ! ಸರಳಾ ಮೇಡಂ ಬಳಿಗೂ ಅಂಥ ಡಬ್ಬಿಯವರು ಬಂದಿದ್ದರಂತೆ. "ಡಬ್ಬಿ ಇಟ್ಕೊಂಡ್ರೆ ನನ್ನ ಕಣ್ಣು ರೋಗಿ ಮೇಲೆ ಇರಲ್ಲ, ಡಬ್ಬಿ ಮೇಲೆ ಇರುತ್ತೆ" ಎಂದು ಕಳಿಸಿದರಂತೆ.

ರೈಲಿನ ಪ್ರಸಂಗದ ಮೇಲೆ ಅವರ ರೂಮಿನಲ್ಲಿ ಒಂದು ಹೊಸ ಸಾಮಾನು ಬಂದಿದೆ. ಒಂದು ಮೊರ. ಅಕ್ಕಿ ಕೇರುವ ಬಿದಿರಿನ ಮೊರ.

ಯಾರೇ ಬರಲಿ, ಮೊದಲು ಮೊರದ ಮುಂದೆ ಕೂರಬೇಕು. ನುಂಗುವುದು, ಕುಡಿಯುವುದು, ಕಟ್ಟಿಕೊಂಡಿರುವುದು, ಯಾರೇ ಕೊಟ್ಟಿರಲಿ, ಎಲ್ಲವನ್ನೂ ಅದರಲ್ಲಿ ಹಾಕಬೇಕು. "ನೀವು ಹೇಳಬೇಡಿ, ಬರೀ ಹಾಕಿ" ಎನ್ನುತ್ತಾರೆ ಮೇಡಂ. ಎಂಥ ಉಪಾಯ ನೋಡಿ. ಬಾಯಿ ಬಿಟ್ಟರೆ ತಾನೇ ಮದ್ದು ಮುರಿಯುವುದು? ಕೈ ಬಿಟ್ಟರೆ ಏನೂ ಆಗುವುದಿಲ್ಲವಲ್ಲ!

ಸುಮಾ ಕೆಲವು ವಾರ ಅಲ್ಲಿ ಹೋಗಿ ಕೂತು ಕೆಲಸ ನೋಡಿದಳು. ಒಬ್ಬಳನ್ನೇ ಕಳಿಸಲು ಅವರಮ್ಮ ಒಪ್ಪದೆ ನಾನೂ ಜೊತೆಗೆ ಹೋಗುತ್ತಿದ್ದೆ. ಮೊರಕ್ಕೆ ಏನೇನು ಬೀಳುತ್ತದೆ ಅಂತೀರಿ! ಬಿ.ಪಿ. ಮಾತ್ರೆ, ಭಸ್ಮದ ಪೊಟ್ಟಣ, ಯಾವುದೋ ಬೇರು, ಪಕ್ಕದ ಮನೆಯವರ ಮಾತ್ರೆ ("ಅವ್ರ್ಗೆ ವಾಸಿಯಾಯ್ತು, ನಾನೂ ಒಂದ್ ನುಂಗಾನ ಅಂತ"), ಬಾಟಲಿಯಲ್ಲಿ ಕಪ್ಪಗಿನ ಏನೋ ಒಂದು. ಕಬ್ಬಿಣದ ಟಾನಿಕ್ಕನ್ನು ಹಸುವಿಗೆ ಕುಡಿಸಿ ಖಾಲಿ ಬಾಟಲಿ ತಂದಿದ್ದ ಒಬ್ಬ ಬಸುರಿಯನ್ನೂ ನೋಡಿದೆ. "ನಂಗೆ ವಾಕರಿಕೆ ಬತ್ತಿತ್ತು ಮೇಡಂ, ಹಸಾ ಚೆನ್ನಾಗಿ ಕುಡೀತು" ಎಂದಳು. ಅವಳು ನಿಜ ಹೇಳಿದ್ದಕ್ಕೆ ಮೇಡಂ ಗದರಲಿಲ್ಲ. ಗದರಿದರೆ ಮುಂದಿನ ಸಾರಿ ಮೊರ ಖಾಲಿ ಇರುತ್ತದೆ, ಅಷ್ಟೇ.

ಮೊದಲು ಮೊರ ಬಾಗಿಲಲ್ಲೇ ಇತ್ತು. ಒಂದು ದಿನ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಅತ್ತೆಯ ಜೊತೆ ಬಂದಳು. ಮೊರದ ಮುಂದೆ ಕೂತಳು. ಕೈ ಕುಪ್ಪಸದ ತನಕ ಹೋಯಿತು, ಹಿಂದೆ ಬಂತು. ಮೇಡಂ ನೋಡಿದರು. ಅತ್ತೆಯನ್ನು, "ನೀವು ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ, ಬಿಸಿಲಲ್ಲಿ ಬಂದಿದ್ದೀರ" ಎಂದು ಎಬ್ಬಿಸಿದರು. ಅತ್ತೆ ಅತ್ತ ಹೋದಳು. ಹುಡುಗಿ ಏನನ್ನೋ ಮೊರಕ್ಕೆ ಹಾಕಿದಳು. ಮೇಡಂ ನೋಡಿ, ಅದರ ಮೇಲೆ ತಮ್ಮ ಸೆರಗು ಹಾಸಿದರು. ಅದೇನು ಎಂದು ನನಗೂ ಕಾಣಲಿಲ್ಲ. ದಾರಿಯಲ್ಲಿ ಸುಮಾನ್ನ ಕೇಳಿದೆ.

"ಗೊತ್ತಿಲ್ಲ ಅಜ್ಜಿ. ಗೊತ್ತಿದ್ರೂ ಹೇಳಲ್ಲ" ಎಂದಳು.

ಮನಸ್ಸಿನಲ್ಲೇ ಅವಳಿಗೆ ನೂರಕ್ಕೆ ನೂರು ಹಾಕಿದೆ. ಮರುದಿನದಿಂದ ಮೊರ ಪರದೆಯ ಹಿಂದೆ ಹೋಯಿತು.

"ಕಾಲೇಜಲ್ಲಿ ಇದನ್ನೆಲ್ಲ ಹೇಳಿಕೊಡ್ತಾರೇನೇ?" ಎಂದು ಕೇಳಿದೆ.

"ಎಥಿಕ್ಸ್ ಅಂತ ಒಂದು ಪಾಠ ಇತ್ತಜ್ಜಿ. ಪರೀಕ್ಷೆಗೆ ಬರಲ್ಲ ಅಂತ ಎಲ್ಲರೂ ಬಿಟ್ಟಿದ್ವಿ."

ಪರೀಕ್ಷೆಗೆ ಬರುವುದಿಲ್ಲವಂತೆ! ರೈಲಿಗೆ ಬರುತ್ತದಲ್ಲ, ತಾಯಿ?

ಈಗ ಸುಮಾಳ ಬೋರ್ಡಿಗೆ ಬರುತ್ತೇನೆ. ಹೋದ ಸೋಮವಾರ ಪೇಂಟರ್ ಅದನ್ನು ಸೈಕಲ್ ಮೇಲೆ ಕಟ್ಟಿಕೊಂಡು ತಂದ. ಹಳದಿ ಬೋರ್ಡಿನ ಮೇಲೆ ಕೆಂಪು ಅಕ್ಷರ. ಸುಮಾ ಬರೆದುಕೊಟ್ಟಿದ್ದದ್ದು ತನ್ನ ಹೆಸರು, ಓದು, ಮತ್ತು "ಆಹಾರ ಸಲಹೆ" ಎಂದಷ್ಟೇ. ಬೋರ್ಡಿನಲ್ಲಿ ಅವಳ ಹೆಸರಿಗೆ ಮುಂಚೆ "ಡಾ." ಸೇರಿತ್ತು. ಕೆಳಗೆ ದಪ್ಪಗೆ, "ಶುಗರ್, ಬಿ.ಪಿ., ಬೊಜ್ಜು, ಸಂತಾನ ಸಮಸ್ಯೆ: ಊಟದಲ್ಲೇ ಗ್ಯಾರಂಟಿ ವಾಸಿ."

"ಇದ್ಯಾರು ಬರೀರಿ ಅಂದ್ರು?" ಎಂದಳು ಸುಮಾ.

"ನಾನೇ ಆಕ್ದೆ ಕಣಮ್ಮಾ, ನಿಮ್ ಒಳ್ಳೇದ್ಕೆ" ಎಂದ ಪೇಂಟರ್. "ಇಪ್ಪತ್ತು ವರ್ಷದಿಂದ ಬೋರ್ಡ್ ಬರೀತಾ ಇವ್ನಿ. ಹಲ್ಲಿನ್ ಡಾಕ್ಟ್ರಿಗೆ ಬರ್ದಿವ್ನಿ, ಮೂಲವ್ಯಾಧಿಯೋರ್ಗೆ ಬರ್ದಿವ್ನಿ. ಗ್ಯಾರಂಟಿ ಇಲ್ದೆ ಬೋರ್ಡ್ ಯಾರು ಓದ್ತಾರೆ? ಜಾಗ ಬೇರೆ ಖಾಲಿ ಬಿದ್ದಿತ್ತು."

"ನಾನು ಡಾಕ್ಟರಲ್ಲ."

"ಆಗ್ತೀರ ಬಿಡಮ್ಮಾ, ವಯಸ್ಸದೆ."

ಸುಮಾಳಿಗೆ ಅಳುವೂ ಬಂತು, ನಗುವೂ ಬಂತು. ಅವರಪ್ಪ ಆಚೆ ಬಂದು ಬೋರ್ಡ್ ನೋಡಿದ. "ಇರಲಿ ಬಿಡೇ, ಚೆನ್ನಾಗೇ ಕಾಣ್ತಾ ಇದೆ. ಬರೋರು ಬರಲಿ, ಒಳಗೆ ಬಂದ ಮೇಲೆ ನಿಜ ಹೇಳಿದರಾಯ್ತು" ಎಂದ. ನನ್ನ ಮಗನೇ! ಬಾಗಿಲಲ್ಲಿ ಸುಳ್ಳು ಹೇಳಿ ಕರೆದವರಿಗೆ ಒಳಗೆ ಕೂರಿಸಿ ನಿಜ ಹೇಳುವುದಂತೆ. ನಾರಾಯಣಪ್ಪ ಆ ಬೋರ್ಡನ್ನು ಓದಿದ್ದರೆ ಮಾತ್ರೆಯ ಪಟ್ಟಿಯನ್ನು ಹೊಸಿಲಾಚೆಯೇ ಬಿಸಾಕಿ ಒಳಗೆ ಬರುತ್ತಿದ್ದ. ಒಳಗೆ ಹೇಳುವ ನಿಜ ಯಾರಿಗೆ ಬೇಕು ಆಮೇಲೆ?

ಸುಮಾ ಒಳಗೆ ಹೋಗಿ ಸೀಮೆಎಣ್ಣೆ ಬಟ್ಟೆ ತಂದಳು. ಬಣ್ಣ ಇನ್ನೂ ಪೂರ್ತಿ ಒಣಗಿರಲಿಲ್ಲ. ಮೊದಲು "ಡಾ." ಒರೆಸಿದಳು. ಆಮೇಲೆ "ಗ್ಯಾರಂಟಿ." ಆಮೇಲೆ ಶುಗರ್, ಬಿ.ಪಿ., ಸಂತಾನ ಎಲ್ಲವೂ ಹೋದವು. ಪೇಂಟರ್ ತನ್ನ ಕೈಯನ್ನೇ ಯಾರೋ ಒರೆಸುತ್ತಿದ್ದಾರೆ ಅನ್ನುವಂತೆ ನೋಡುತ್ತಿದ್ದ. ಕೊನೆಗೆ ಬೋರ್ಡಿನ ಅರ್ಧ ಭಾಗ ಬರೀ ಕೆಂಪು ಮಸುಕು.

"ಈಗ ಇಲ್ಲಿ ಏನು ಬರೆಸಲಿ ಅಜ್ಜಿ?" ಎಂದು ನನ್ನ ಕಡೆ ತಿರುಗಿದಳು. "ಇಷ್ಟು ಜಾಗ ಖಾಲಿ ಉಳೀತಲ್ಲ."

ಪೇಂಟರ್ ಇದ್ದ, ಮಗ ಇದ್ದ, ಆಚೀಚೆ ಮನೆಯವರೂ ಬಂದು ನಿಂತಿದ್ದರು. ನನಗೆ ಬಾಯಿ ಬರುವುದಿಲ್ಲ ಎಂದು ಮೊದಲೇ ಹೇಳಿದ್ದೇನೆ. ಆದರೂ ಕೇಳಿಯೇಬಿಟ್ಟೆ:

"ಬೋರ್ಡ್ ಹಾಗೇ ಇರಲಿ ಬಿಡು. ಮೊರ ತಗೊಂಡ್ಯಾ?"